ಉಳಿಯುವವರ ಹಾಳೆ

ಕುಮುದಳ ವೀಸಾ ಅರ್ಜಿಯಲ್ಲಿ ಇಪ್ಪತ್ತೆರಡು ಪ್ರಶ್ನೆಗಳಿದ್ದವು. ಒಂದು ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಅಡುಗೆಮನೆಯ ಮೇಜಿನ ಮುಂದೆ ಕೂತವಳು, ಹನ್ನೊಂದು ಗಂಟೆಯ ಹೊತ್ತಿಗೆ ಇಪ್ಪತ್ತೆರಡಕ್ಕೂ ಉತ್ತರ ಬರೆದಿದ್ದಳು. ಎಲ್ಲವೂ ಒಣಗಿದ್ದವು. ಒಣಗದೆ ಉಳಿದದ್ದು ಕೊನೆಯ ಹಾಳೆಯ ಮೇಲಿನ ನನ್ನ ಸಹಿ ಮಾತ್ರ.

ನಮ್ಮೂರಿನಲ್ಲಿ ಮನಸ್ಸಿನಲ್ಲಿ ಇಲ್ಲದ್ದನ್ನು ಬರೆದರೆ ಶಾಯಿ ಒಣಗುವುದಿಲ್ಲ. ಇದು ಎಂದಿನಿಂದ ಹೀಗೆ ಎಂದು ಯಾರೂ ಕೇಳಿದ್ದಿಲ್ಲ. ಮದುವೆಯ ಆಮಂತ್ರಣ ಪತ್ರಗಳನ್ನು ಪಕ್ಕದ ಊರಿನಲ್ಲಿ ಅಚ್ಚು ಹಾಕಿಸಿ, ವಿಳಾಸವನ್ನು ಮಾತ್ರ ಇಲ್ಲಿ ಬರೆಯುತ್ತೇವೆ. ಶಾಲೆಯಲ್ಲಿ ಮಕ್ಕಳು ಕಥೆಗಳನ್ನು ಪೆನ್ಸಿಲಿನಲ್ಲಿ ಬರೆಯುತ್ತಾರೆ. ನಮ್ಮ ಕಾಲೇಜಿನ ರಜಾ ಅರ್ಜಿಗಳಲ್ಲಿ ಜ್ವರ, ಹೊಟ್ಟೆನೋವು ಇರುವುದು ಅಪರೂಪ. ‘ಈ ದಿನ ಬರಲು ಮನಸ್ಸಿಲ್ಲ’ ಎಂದೇ ಇರುತ್ತದೆ, ಪ್ರಾಂಶುಪಾಲರು ಹೆಬ್ಬೆರಳಿನಿಂದ ಒತ್ತಿ ನೋಡಿ ಮಂಜೂರು ಮಾಡುತ್ತಾರೆ. ಒಬ್ಬರು ಸಹಿ ಹಾಕುವಾಗ ಪಕ್ಕದಲ್ಲಿದ್ದವರು ಮುಖ ಆಚೆ ತಿರುಗಿಸುವುದು ಇಲ್ಲಿಯ ಮರ್ಯಾದೆ. ಶಾಯಿಗೆ ಲೋಕದ ಸತ್ಯ ತಿಳಿಯುವುದಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಬೀದಿಯ ದರ್ಜಿಯೊಬ್ಬರು ತಮ್ಮ ಹುಟ್ಟಿದ ದಿನವನ್ನು ನಲವತ್ತು ವರ್ಷಗಳ ಕಾಲ ತಪ್ಪಾಗಿಯೇ ಬರೆದರು. ಅವರು ನಂಬಿದ್ದರು, ಅದು ಒಣಗುತ್ತಿತ್ತು. ಬರೆಯುವವರ ಒಳಗೆ ಏನಿದೆ ಎಂಬುದಷ್ಟೇ ಅದಕ್ಕೆ ಗೊತ್ತು.

ಈ ಕಾರಣಕ್ಕೇ ಆ ದೂರದ ದೇಶದವರು ತಮ್ಮ ವೀಸಾ ಕಚೇರಿಯನ್ನು ರಾಜಧಾನಿ ಬಿಟ್ಟು ನಮ್ಮ ಹಳೆಯ ಟೌನ್‌ಹಾಲಿನ ಮಹಡಿಯ ಮೇಲೆ ತೆರೆದಿದ್ದರು. ಬೇರೆ ಕಡೆ ವಿಚಾರಣೆ, ಸಂದರ್ಶನ ಎಂದು ತಿಂಗಳುಗಟ್ಟಲೆ ಹಿಡಿಯುವ ಕೆಲಸ ಇಲ್ಲಿ ಒಂದು ಹೆಬ್ಬೆರಳಿಗೆ ಮುಗಿಯುತ್ತಿತ್ತು. ಭಾಷೆ ಕಲಿಯಲು ಹೋಗುವವರಿಗೆ ಗುರುವಾರ ಮೀಸಲು. ಕಿವಿ ಕಾಣುವಂಥ ಎರಡು ಫೋಟೋ, ಭಾಷಾಶಾಲೆಯ ಪ್ರವೇಶ ಪತ್ರ, ವೈದ್ಯರ ಪತ್ರ, ಪೊಲೀಸರ ಪತ್ರ, ಉಳಿದುಕೊಳ್ಳುವ ಜಾಗದ ವಿಳಾಸ, ಸ್ವಂತ ಕೈಬರಹದ ಅರ್ಜಿ ಬೇಕು. ಮೂವತ್ತು ತುಂಬಿರಬಾರದು. ಒಂದು ಉತ್ತರ ಒದ್ದೆಯಾಗಿದ್ದರೂ ಅರ್ಜಿ ವಾಪಸ್ಸು, ಮತ್ತೆ ಒಂದು ವರ್ಷ ಅರ್ಜಿ ಹಾಕುವಂತಿಲ್ಲ. ಇವೆಲ್ಲದರ ಕೊನೆಗೆ ಲಗತ್ತಿಸಬೇಕಾದ ಒಂದು ಹಾಳೆಯನ್ನು ನಾವು ‘ಉಳಿಯುವವರ ಹಾಳೆ’ ಎನ್ನುತ್ತೇವೆ. ಹೋಗುವವರ ಮನೆಯಲ್ಲಿ ಹಿಂದೆ ಉಳಿಯುವ ಒಬ್ಬರು ಅದಕ್ಕೆ ಸಹಿ ಮಾಡಬೇಕು. ಅದರಲ್ಲಿ ಅಚ್ಚಾಗಿರುವುದು ಒಂದೇ ವಾಕ್ಯ: ‘ಈ ಪ್ರಯಾಣಕ್ಕೆ ನಾನು ಸಂತೋಷದಿಂದ ಒಪ್ಪಿದ್ದೇನೆ.’

ಇದೆಲ್ಲ ನನಗೆ ಬಾಯಿಪಾಠ. ರಸಾಯನಶಾಸ್ತ್ರ ಓದಿ, ಕಾಲೇಜಿನ ಪ್ರಯೋಗಾಲಯದಲ್ಲಿ ಆರು ವರ್ಷ ಕೆಲಸ ಮಾಡಿ, ಆಮೇಲೆ ಹದಿಮೂರು ವರ್ಷದಿಂದ ಟೌನ್‌ಹಾಲಿನ ಮೆಟ್ಟಿಲ ಕೆಳಗೆ ಬೆಂಚು ಹಾಕಿಕೊಂಡು ಅರ್ಜಿದಾರರಿಗೆ ನೆರವಾಗುತ್ತಿದ್ದೇನೆ. ಬರೆಯುವುದು ಅವರೇ, ಒಣಗುವ ಮಾತು ಹುಡುಕಿಕೊಡುವುದು ನನ್ನ ಕೆಲಸ. ಬಸವಂತ ಎಂಬುವನು ಹೋದ ವರ್ಷ ಬಂದಿದ್ದ. ಭಾಷೆ ಕಲಿಯುವ ಉದ್ದೇಶ ಏನು ಎಂಬುದಕ್ಕೆ ‘ಉನ್ನತ ಜ್ಞಾನಾರ್ಜನೆ’ ಎಂದು ಬರೆದು ಅಂಗೈಯೆಲ್ಲ ನೀಲಿ ಮಾಡಿಕೊಂಡಿದ್ದ.

“ನಿಜ ಹೇಳಪ್ಪ, ಯಾರಿದ್ದಾರೆ ಅಲ್ಲಿ?” ಎಂದೆ.

“ಯಾರೂ ಇಲ್ಲ ಮೇಡಂ.”

“ಬಾಯಲ್ಲಿ ಹೇಳಿದ್ದು ಹಸಿಯಾಗಲ್ಲ ಅಂತ ನಂಗೇ ಸುಳ್ಳು ಹೇಳ್ತೀಯಲ್ಲೋ.”

ಕೊನೆಗೆ ‘ಆ ಊರಿನಲ್ಲಿ ನಾನು ಮಾತಾಡಬೇಕಾದ ಒಬ್ಬರಿದ್ದಾರೆ’ ಎಂದು ಬರೆಸಿದೆ. ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ ಒಣಗಿತು. ವೀಸಾ ಸಿಕ್ಕಿತು. ಮದುವೆಯೂ ಆಯಿತಂತೆ.

ಕುಮುದ ನನ್ನ ತಂಗಿ, ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು ಹೊರಡುವ ಬಸ್ಸುಗಳನ್ನು ಮೈಕಿನಲ್ಲಿ ಕೂಗುವುದು ಅವಳ ಕೆಲಸ. ಹದಿನಾಲ್ಕನೇ ವಯಸ್ಸಿನಲ್ಲಿ ಮನೆಯ ಹಳೆಯ ರೇಡಿಯೋದ ಮುಳ್ಳು ತಿರುಗಿಸುತ್ತ ಅವಳಿಗೊಂದು ಸ್ಟೇಷನ್ ಸಿಕ್ಕಿತ್ತು. ಸಂಜೆ ಆರೂಕಾಲಿಗೆ ಒಬ್ಬ ಹೆಂಗಸು ಸಮನಾದ ದನಿಯಲ್ಲಿ, ನಡುನಡುವೆ ನಿಲ್ಲಿಸುತ್ತ, ಯಾವುದೋ ಭಾಷೆಯಲ್ಲಿ ಹತ್ತು ನಿಮಿಷ ಏನನ್ನೋ ಓದುತ್ತಿದ್ದಳು. ಆವತ್ತಿನಿಂದ ಹದಿನೈದು ವರ್ಷ ಕುಮುದ ಅದನ್ನು ತಪ್ಪಿಸಿದವಳಲ್ಲ. ಒಂದಕ್ಷರದ ಅರ್ಥ ತಿಳಿಯದೆ ಅವಳ ಜೊತೆಜೊತೆಗೇ ಹೇಳುತ್ತಿದ್ದಳು. ನಾನು ಒಳಗೆ ಸೊಪ್ಪು ಸೋಸುತ್ತ ಕೇಳುತ್ತಿದ್ದೆ. ಕೇಳಿ ಕೇಳಿ ನನಗೂ ಅರ್ಧ ಬರುತ್ತಿತ್ತು. ಅದು ಆ ದೂರದ ದೇಶದ ಭಾಷೆ ಎಂದು ಆಮೇಲೆ ತಿಳಿಯಿತು.

‘ಆ ಭಾಷೆ ಈಗಾಗಲೇ ಬರುತ್ತದೆಯೇ?’ ಎಂಬ ಪ್ರಶ್ನೆಗೆ ಅವಳು ‘ಬಾಯಿಗೆ ಬರುತ್ತದೆ, ಅರ್ಥ ಬರುವುದಿಲ್ಲ’ ಎಂದು ಬರೆದಳು. ಉದ್ದೇಶ ಏನು ಎಂಬುದಕ್ಕೆ ‘ಇಷ್ಟು ವರ್ಷ ಕೇಳಿದ್ದು ಏನೆಂದು ತಿಳಿಯಬೇಕು’. ಹದಿನಾಲ್ಕನೇ ಪ್ರಶ್ನೆಗೆ ಎಲ್ಲರೂ ಹೆದರುತ್ತಾರೆ: ‘ಕಲಿಕೆ ಮುಗಿದ ಮೇಲೆ ಮರಳಿ ಬರುವಿರಾ?’ ನನ್ನ ಬೆಂಚಿನ ಮುಂದೆ ದೊಡ್ಡ ದೊಡ್ಡ ಗಂಡಸರು ಈ ಪ್ರಶ್ನೆಗೆ ಬೆವರಿದ್ದನ್ನು ನೋಡಿದ್ದೇನೆ. ಕುಮುದ ತನ್ನ ನೀಲಿ ಬಾಲ್‌ಪೆನ್ನಿನಲ್ಲಿ ‘ಹೌದು’ ಎಂದು ಬರೆದು, ಹೆಬ್ಬೆರಳು ಒತ್ತಿ, ನನ್ನ ಮುಖಕ್ಕೆ ಹಿಡಿದಳು. ಬೆರಳು ಬೆಳ್ಳಗಿತ್ತು.

“ನೋಡ್ಕೋ. ಇನ್ನು ನಿಂದು” ಎಂದು ಹಾಳೆಯನ್ನು ನನ್ನ ಕಡೆ ತಳ್ಳಿ, ಮರ್ಯಾದೆಗೆಂದು ಕಿಟಕಿಯ ಕಡೆ ತಿರುಗಿದಳು.

ನಾನು ಬರೆಯುವುದು ಅಳಲೆಕಾಯಿ ಮತ್ತು ಅನ್ನಭೇದಿ ಎಂಬ ಕಬ್ಬಿಣದ ಲವಣ ಕುದಿಸಿ ನಾನೇ ಮಾಡಿಕೊಳ್ಳುವ ಕಪ್ಪು ಶಾಯಿಯಲ್ಲಿ. ನಲವತ್ತು ಸೆಕೆಂಡಿಗೆ ಒಣಗುತ್ತದೆ. ಸಹಿ ಹಾಕಿ ಲೆಕ್ಕ ಹಿಡಿದೆ. ನಲವತ್ತಾಯಿತು, ನೂರಾಯಿತು. ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಕಾದೆ. ಅಕ್ಷರಗಳು ಈಗಷ್ಟೇ ಬರೆದಂತೆ ಮಿರುಗುತ್ತಿದ್ದವು.

“ಆಯ್ತಾ?” ಎಂದಳು, ತಿರುಗದೆ.

“ಆಯ್ತು” ಎಂದೆ.

ಆ ದಿನ ಅವಳು ಕೆಲಸಕ್ಕೆ ಹೋದ ಮೇಲೆ ನಾನು ನನಗೆ ಗೊತ್ತಿರುವ ರೀತಿಯಲ್ಲಿ ಶುರುಮಾಡಿದೆ. ಮೊದಲು ಶಾಯಿಯನ್ನು ಅನುಮಾನಿಸಿದೆ. ಅದೇ ಶಾಯಿಯಲ್ಲಿ ‘ಇಂದು ಭಾನುವಾರ’ ಎಂದು ಬರೆದೆ, ಒಣಗಿತು. ‘ಇಂದು ಬುಧವಾರ’ ಎಂದು ಬರೆದೆ, ಒಣಗಲಿಲ್ಲ. ಶಾಯಿ ಸರಿಯಾಗಿತ್ತು. ಕಾಗದವನ್ನು ಅನುಮಾನಿಸಿ ಅದರ ಅಂಚಿನಲ್ಲೇ ‘ನನಗೆ ನಲವತ್ತೊಂದು ವರ್ಷ’ ಎಂದು ಬರೆದೆ, ಒಣಗಿತು. ಪೆನ್ನು ಬದಲಿಸಿದೆ. ಹಾಳೆಯನ್ನು ಮಹಡಿಯ ಬಿಸಿಲಿನಲ್ಲಿಟ್ಟು ನಾಲ್ಕು ಮೂಲೆಗೆ ಕಲ್ಲು ಹೇರಿ ಎರಡು ಗಂಟೆ ಕಾದೆ. ಕಲ್ಲು ಮುಟ್ಟಲಾಗದಷ್ಟು ಬಿಸಿಯಾಯಿತು, ಸಹಿ ಹಸಿಯಾಗಿಯೇ ಇತ್ತು. ಬೇರೆಯವರು ಬಂದು ಇದನ್ನು ತೋರಿಸಿದ್ದರೆ ಒಂದು ನಿಮಿಷದಲ್ಲಿ ಕಾರಣ ಹೇಳುತ್ತಿದ್ದೆ.

ಕಚೇರಿಯವರು ಒಬ್ಬ ಅರ್ಜಿದಾರರಿಗೆ ಮೂರು ಉಳಿಯುವವರ ಹಾಳೆ ಕೊಡುತ್ತಾರೆ. ಎರಡನೆಯದಕ್ಕೆ ಸೋಮವಾರ ಸಹಿ ಹಾಕಿದೆ, ಮನಸ್ಸಿಗೆ ಸಂತೋಷ ತಂದುಕೊಳ್ಳಲು ಪ್ರಯತ್ನಪಟ್ಟು. ಅವಳು ಚಿಕ್ಕವಳಿದ್ದಾಗ ಮೊದಲ ಸಲ ಮೈಕ್ ಹಿಡಿದದ್ದನ್ನು ನೆನೆದೆ. ಆ ದೇಶದ ಬೀದಿಯಲ್ಲಿ ಕೋಟು ತೊಟ್ಟು ಅವಳು ನಡೆಯುವುದನ್ನು ಕಲ್ಪಿಸಿಕೊಂಡೆ. ಕಲ್ಪನೆಯಲ್ಲಿ ಅವಳು ನಡೆದು ಒಂದು ತಿರುವಿನಲ್ಲಿ ಮರೆಯಾದಳು. ಸಹಿ ಒದ್ದೆ. ಮಂಗಳವಾರ, ಬುಧವಾರ ಎರಡು ದಿನವೂ ನಾನು ಸಾರಿಗೆ ಉಪ್ಪು ಹಾಕುವುದನ್ನು ಮರೆತೆ. ಕುಮುದ ಮಾತ್ರ ಪೆಟ್ಟಿಗೆಗೆ ಬಟ್ಟೆ ಜೋಡಿಸುತ್ತ, ತೆಗೆಯುತ್ತ, “ಅಕ್ಕಾ, ಅಲ್ಲಿ ಆರೂಕಾಲಿಗೆ ಇಲ್ಲಿ ಎಷ್ಟೊತ್ತು?” ಎಂದು ಕೇಳುತ್ತಿದ್ದಳು.

ಗುರುವಾರ ಬೆಳಿಗ್ಗೆ ಮೂರನೇ ಹಾಳೆಗೆ ಸಹಿ ಹಾಕಿದೆ. ಅದೂ ಒದ್ದೆ. ನನಗಿದ್ದ ಧೈರ್ಯ ಒಂದೇ: ಮೇಲಿನವರು ಅರ್ಜಿದಾರರ ಉತ್ತರಗಳನ್ನು ಒತ್ತಿ ನೋಡುತ್ತಾರೆಯೇ ಹೊರತು ಉಳಿಯುವವರ ಹಾಳೆಯನ್ನು ಮುಟ್ಟುವುದಿಲ್ಲ. ಎಲ್ಲ ಸರಿಯಿದ್ದರೆ ಅದರ ಮೂಲೆಗೆ ಮೊಹರು ಹೊಡೆದು ಪಿನ್ ಹಾಕುತ್ತಾರೆ, ಅಷ್ಟೆ. ಹಾಳೆಗಳನ್ನು ಅನುಕ್ರಮದಲ್ಲಿ ಜೋಡಿಸಿ ಫೈಲು ಕಟ್ಟಿದೆ. ಅರ್ಜಿಯ ಕೊನೆಯ ಪುಟಕ್ಕೆ ಎದುರಾಗಿ ಉಳಿಯುವವರ ಹಾಳೆ ಕೂರುತ್ತದೆ. ನಡುವೆ ಒಂದು ಬ್ಲಾಟಿಂಗ್ ಪೇಪರ್ ಇಡುವುದು ಹದಿಮೂರು ವರ್ಷದ ಅಭ್ಯಾಸ. ಆವತ್ತು ಇಡಲಿಲ್ಲ.

ಕಚೇರಿಯ ಸಾಹೇಬರು ಆ ದೇಶದವರೇ. ತಮ್ಮೂರಿನಲ್ಲಿ ಪುಸ್ತಕ ಓದಿ, ಆಮೇಲೆ ಇತ್ತ ಕಡೆ ಬಂದು ಎರಡು ವರ್ಷ ನಮ್ಮ ಭಾಷೆ ಕಲಿತವರು. ಅವರ ಮಾತು ಕೇಳಲೆಂದೇ ಕೆಲವರು ಸಾಲಿನಲ್ಲಿ ನಿಲ್ಲುತ್ತಿದ್ದರು. ಹನ್ನೆರಡೂಕಾಲಿಗೆ ನಮ್ಮ ಸರದಿ ಬಂತು. ಅವರು ಮೊದಲ ಪುಟದಿಂದ ಒಂದೊಂದೇ ಉತ್ತರದ ಮೇಲೆ ಹೆಬ್ಬೆರಳು ಒತ್ತುತ್ತ, ಬಿಳಿ ಕರವಸ್ತ್ರಕ್ಕೆ ಒರೆಸಿ ನೋಡುತ್ತ ಬಂದರು. ಕೊನೆಯ ಪುಟದ ಮೇಲುಗಡೆ ಹದಿನಾಲ್ಕನೇ ಪ್ರಶ್ನೆ. ಬೆರಳು ಒತ್ತಿದರು. ಕರವಸ್ತ್ರಕ್ಕೆ ಒರೆಸಿದರು. ಕಪ್ಪು ಗೆರೆ ಮೂಡಿತು.

“ಕುಮುದ ಅವರೇ, ತಮ್ಮ ಹದಿನಾಲ್ಕನೆಯ ಉತ್ತರವು ಒದ್ದೆಯಾಗಿದೆ. ನಾನು ಬಹಳ ವಿಷಾದಿಸುತ್ತೇನೆ” ಎಂದರು. ಮುಂದಕ್ಕೆ ನೋಡಲೇ ಇಲ್ಲ. ಫೈಲು ಮುಚ್ಚಿ ವಾಪಸ್ಸು ಕೊಟ್ಟರು.

ಸಾಲಿನಲ್ಲಿದ್ದ ಯಾರೋ, “ದಿನಾ ಎಲ್ಲಾ ಬಸ್ಸೂ ಕೂಗ್ತಾಳೆ, ತಾನು ವಾಪಸ್ ಬರೋ ಬಸ್ಸೇ ಇಲ್ವಂತೆ ನೋಡ್ರೋ” ಎಂದ. ನಾಲ್ಕು ಜನ ನಕ್ಕರು.

ಕುಮುದ ಮೆಟ್ಟಿಲಿಳಿದು, ಜುಲೇಖಾ ಚಾಚಿಯ ಚಹಾ ಗಾಡಿಯ ಪಕ್ಕದ ಕಟ್ಟೆಯ ಮೇಲೆ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಚಾಚಿ ನಮ್ಮಿಬ್ಬರ ಮುಖ ನೋಡಿ, “ಏನ್ ಭಾಗೀರಥಿ, ಊರಿಗೆಲ್ಲ ಒಣಗಿಸಿ ಕೊಡೋಳ ಮನೇಲೇ ಹಸಿ ಆಯ್ತಾ?” ಎಂದು ಕೇಳಿ, ಕೇಳಬಾರದಿತ್ತು ಎನಿಸಿತೋ ಏನೋ, ತಾನಾಗಿಯೇ ಎರಡು ಲೋಟ ನಿಂಬೆ ಚಹಾ ತಂದಿಟ್ಟಳು.

ಕುಮುದ ಮತ್ತೆ ಆ ಪುಟ ತೆಗೆದು ತನ್ನ ಹೆಬ್ಬೆರಳನ್ನು ಒತ್ತಿದಳು. ಬೆರಳು ಕಪ್ಪಾಯಿತು. ಅವಳು ಬರೆದದ್ದು ನೀಲಿ ಬಾಲ್‌ಪೆನ್ನಿನಲ್ಲಿ. ಬೆರಳಿಗೆ ಬಂದದ್ದು ಅಳಲೆಕಾಯಿಯ ಕಪ್ಪು. ಊರಿನಲ್ಲಿ ಇನ್ಯಾರಾದರೂ ಆಗಿದ್ದರೂ ಆ ಬಣ್ಣ ನೋಡುತ್ತಿರಲಿಲ್ಲ. ಇಲ್ಲಿ ಬೆರಳಿಗೆ ಮಸಿ ಹತ್ತಿತೆಂದರೆ ಎಲ್ಲರೂ ತಮ್ಮ ಒಳಗೆ ನೋಡಿಕೊಳ್ಳುತ್ತಾರೆ, ಕಾಗದವನ್ನಲ್ಲ. ನಾನು ಮಾತ್ರ ಬಣ್ಣ ನೋಡಿದೆ. ನೋಡಿದ ಕ್ಷಣ ನನ್ನ ಎದೆಯಲ್ಲಿ ನಾಲ್ಕು ದಿನದಿಂದ ಬಿಗಿದಿದ್ದದ್ದು ಸಡಿಲವಾಯಿತು. ಇನ್ನೆರಡು ತಿಂಗಳಿಗೆ ಅವಳಿಗೆ ಮೂವತ್ತು ತುಂಬುತ್ತಿತ್ತು. ಮುಂದಿನ ವರ್ಷ ಎಂಬುದು ಇರಲಿಲ್ಲ. ನಾನು ಒಂದು ಮಾತೂ ಆಡಬೇಕಿರಲಿಲ್ಲ. ಚಹಾ ಕುಡಿದು, ಅವಳನ್ನು ಕರೆದುಕೊಂಡು ಮನೆಗೆ ಹೋದರೆ ಮುಗಿಯಿತು. ಸಂಜೆ ಆರೂಕಾಲಿಗೆ ರೇಡಿಯೋ ಎಂದಿನಂತೆ ಹಾಡುತ್ತದೆ.

“ಅಕ್ಕಾ” ಎಂದಳು. “ನಂಗೆ ಗೊತ್ತೇ ಇರ್ಲಿಲ್ಲ.”

“ಏನು?”

“ನಾನು ವಾಪಸ್ ಬರೋಳಲ್ಲ ಅಂತ. ಭಾನುವಾರ ಒಣಗಿತ್ತಲ್ಲ, ನೀನೂ ನೋಡಿದೆ. ಆಮೇಲೆ ನನ್ನೊಳಗೆ ಏನು ಬದಲಾಯ್ತು? ಒಣಗಿದ್ದು ಮತ್ತೆ ಹಸಿ ಆಗಿದ್ದು ಎಲ್ಲಾದ್ರೂ ಕೇಳಿದೀಯಾ? ಎಂಥ ಮನಸ್ಸಿರಬೇಕು ನಂದು.”

“ಹಂಗೆಲ್ಲ ಯೋಚ್ನೆ ಮಾಡ್ಬೇಡ.”

“ನಿನ್ನ ಒಬ್ಬಳನ್ನೇ ಬಿಟ್ಟು ಅಲ್ಲೇ ಇದ್ದುಬಿಡೋ ಅಂಥವಳಾ ನಾನು? ಬಾಯಲ್ಲಿ ಬರ್ತೀನಿ ಅಂತ ಹೇಳ್ಕೊಂಡು?” ಅವಳು ಬೆರಳನ್ನು ಸೆರಗಿಗೆ ಉಜ್ಜಿದಳು. ಹೋಗಲಿಲ್ಲ. “ಇನ್ಮೇಲೆ ರೇಡಿಯೋ ಹಾಕಲ್ಲ ಬಿಡು. ಯಾರಿಗಾದ್ರೂ ಕೊಟ್ಬಿಡು ಅದನ್ನ.”

ಅವಳು ಹೋಗುವುದಕ್ಕೆ ನಾನು ಹೆದರಿದ್ದೆ. ಹೋಗದೆ ಉಳಿದು, ಜೀವಮಾನವಿಡೀ ತನ್ನ ಬೆರಳನ್ನು ಹೀಗೆ ನೋಡಿಕೊಳ್ಳುತ್ತಾ ನನ್ನೆದುರು ಕೂರುವ ಕುಮುದಳನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಟೌನ್‌ಹಾಲಿನ ಗಡಿಯಾರ ಹನ್ನೆರಡೂ ಮುಕ್ಕಾಲು ತೋರಿಸುತ್ತಿತ್ತು. ಕಚೇರಿ ಮುಚ್ಚುವುದು ಒಂದಕ್ಕೆ. ಚಾಚಿಯ ಗಾಡಿಯ ಮೇಲೆ ಅರ್ಧ ಹಿಂಡಿದ ನಿಂಬೆಹೋಳುಗಳಿದ್ದವು. ಒಂದನ್ನು ಎತ್ತಿಕೊಂಡೆ.

“ಏಳು” ಎಂದೆ. “ಫೈಲು ಕೊಡು.”

“ಬೇಡ ಅಕ್ಕಾ, ಮತ್ತೆ ನಗ್ತಾರೆ.”

“ನಗ್ಲಿ. ಏಳೇ ಅಂದ್ರೆ.”

ಸಾಹೇಬರು ಮೇಜಿನ ಖಾನೆಗೆ ಬೀಗ ಹಾಕುತ್ತಿದ್ದರು. ಆ ಮಸಿ ನನ್ನದು, ತಂಗಿಯದಲ್ಲ ಎಂದು ಏದುಸಿರು ಬಿಡುತ್ತ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. “ಮಾನ್ಯರೇ, ಬಾಯಿಂದ ಹೇಳಿದ್ದನ್ನು ಈ ಕಚೇರಿಯು ಸ್ವೀಕರಿಸಲಾರದು.”

“ಹೇಳಲ್ಲ ಸಾರ್. ತೋರಿಸ್ತೀನಿ.”

ಕೊನೆಯ ಪುಟ ಬಿಡಿಸಿ, ಹದಿನಾಲ್ಕನೇ ಉತ್ತರದ ಮೇಲೆ ನಿಂಬೆಯ ಎರಡು ಹನಿ ಹಿಂಡಿದೆ. ಕಬ್ಬಿಣದ ಶಾಯಿ ಹುಳಿಗೆ ನಿಲ್ಲುವುದಿಲ್ಲ. ಬಾಲ್‌ಪೆನ್ನಿನ ಬರಹಕ್ಕೆ ಹುಳಿಯಿಂದ ಏನೂ ಆಗುವುದಿಲ್ಲ. ಕಪ್ಪು ಮೊದಲು ಕಂದಾಯಿತು, ಆಮೇಲೆ ತೆಳು ಹಳದಿ, ಆಮೇಲೆ ಏನೂ ಇಲ್ಲ. ಅದರಡಿಯಿಂದ ಕುಮುದಳ ನೀಲಿ ‘ಹೌದು’ ಸ್ವಲ್ಪವೂ ಕದಡದೆ ಹೊರಬಂತು. ನನ್ನ ಕರವಸ್ತ್ರದಿಂದ ನಿಂಬೆರಸ ಒತ್ತಿ ತೆಗೆದು ಹಾಳೆಯನ್ನು ಅವರ ಮುಂದಿಟ್ಟೆ. ಅವರು ಹೆಬ್ಬೆರಳು ಒತ್ತಿದರು. ತಮ್ಮ ಕರವಸ್ತ್ರದ ಶುಭ್ರವಾದ ಮೂಲೆ ಹುಡುಕಿ ಒರೆಸಿದರು. ಏನೂ ಬರಲಿಲ್ಲ. ನನ್ನ ಹಿಂದೆ ಕುಮುದ ಉಸಿರು ಬಿಟ್ಟದ್ದು ಕೇಳಿಸಿತು.

“ಹಾಗಿದ್ದಲ್ಲಿ ಆ ಕಪ್ಪು ಎಲ್ಲಿಂದ ಬಂದಿತು?” ಎಂದು ಕೇಳಿ, ಅವರೇ ಮುಂದಿನ ಹಾಳೆ ತಿರುವಿದರು. ಉಳಿಯುವವರ ಹಾಳೆ. ನನ್ನ ಸಹಿ ಅಲ್ಲಿ, ಅರ್ಧ ಎದುರು ಪುಟಕ್ಕೆ ಹೋಗಿ ಅರ್ಧ ಉಳಿದು, ಮಿರುಗುತ್ತಿತ್ತು. ಕುಮುದ ಅದನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಅವಳ ಕಡೆ ತಿರುಗಲಿಲ್ಲ.

“ಇನ್ನೊಂದು ಹಾಳೆ ಇದೆಯಾ ಸಾರ್?”

“ನಿಯಮದ ಪ್ರಕಾರ ಮೂರು.”

“ಮೂರೂ ಮುಗಿದಿದೆ. ಇದರಲ್ಲೇ ಬರೀಲಾ?”

ಅವರು ಬೇಡವೆನ್ನಲಿಲ್ಲ. ಪೆನ್ನು ತೆಗೆದೆ. ಅಚ್ಚಾದ ವಾಕ್ಯದಲ್ಲಿ ‘ಸಂತೋಷದಿಂದ’ ಎಂಬ ಪದವನ್ನು ಹೊಡೆದುಹಾಕಿದೆ. ಹದಿಮೂರು ವರ್ಷದಲ್ಲಿ ಇಂಥ ಕೆಲಸ ನಾನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಅಚ್ಚಾದದ್ದನ್ನು ಮುಟ್ಟಬಹುದು ಎಂಬುದೇ ನನಗೆ ಹೊಳೆದಿರಲಿಲ್ಲ. ಅದರ ಮೇಲೆ ‘ಹೆದರುತ್ತಲೇ’ ಎಂದು ಬರೆದೆ. ಹಸಿಯಾಗಿದ್ದ ಸಹಿಯನ್ನೂ ಹೊಡೆದು, ಕೆಳಗೆ ಹೊಸದಾಗಿ ಸಹಿ ಹಾಕಿದೆ. ಸಾಹೇಬರು ಮುಖ ಆಚೆ ತಿರುಗಿಸಿಕೊಂಡಿದ್ದರು. ನಮ್ಮೂರಿನ ಮರ್ಯಾದೆಯನ್ನು ಅವರು ಯಾವಾಗ ಕಲಿತರೋ. ನಾನು ಎಣಿಸಲು ತೊಡಗಿದೆ. ಹತ್ತಕ್ಕೆ ಬರುವ ಮೊದಲೇ ಹೊಳಪು ಹೋಗಿತ್ತು.

ಅವರು ಒತ್ತಿ ನೋಡಿದರು. ಆಮೇಲೆ ಆ ವಾಕ್ಯವನ್ನು ಪುಟ್ಟ ಮಕ್ಕಳಂತೆ ಬಿಡಿಸಿ ಬಿಡಿಸಿ ಓದಿದರು. “ಈ ಪ್ರಯಾಣಕ್ಕೆ ನಾನು ಹೆದರುತ್ತಲೇ ಒಪ್ಪಿದ್ದೇನೆ.” “ನಾನು ಕನ್ನಡವನ್ನು ಕಲಿಯಲು ಹೊರಟಾಗ ನನ್ನ ತಾಯಿಯವರು ಇಂಥದೇ ಹಾಳೆಗೆ ಸಹಿ ಮಾಡಿದ್ದರು. ಸಂತೋಷದಿಂದ ಎಂದೇ. ನಮ್ಮ ಊರಿನಲ್ಲಿ ಎಲ್ಲವೂ ಒಣಗುತ್ತದೆ” ಎಂದರು. “ಒಪ್ಪಿದ್ದೇನೆ ಎಂಬುದು ನಿಯಮಕ್ಕೆ ಸಾಕು ಎಂದು ನಾನು ತಿಳಿಯುತ್ತೇನೆ.” ಬೀಗ ತೆಗೆದು ಮೊಹರು ಹೊರಗಿಟ್ಟರು.

ಹದಿನೆಂಟು ದಿನದ ನಂತರ ಕುಮುದ ಹೊರಟಳು. ಅವಳ ಬಸ್ಸನ್ನು ಗಾಜಿನ ಕೋಣೆಯಿಂದ ಇನ್ಯಾರೋ ಕೂಗಿದರು, ಊರಿನ ಹೆಸರನ್ನೇ ತಪ್ಪು ಹೇಳಿದರು, ನಾವಿಬ್ಬರೂ ನಕ್ಕೆವು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅವಳು ತಿರುಗಿದಳು.

“ಅಕ್ಕಾ, ಒಂದು ಕೇಳ್ಲಾ? ಆವತ್ತು ಬ್ಲಾಟಿಂಗ್ ಪೇಪರ್ ಇಡೋದು ಮರೆತಿದ್ದಾ?”

“ಹೂಂ ಕಣೇ, ಮರೆತೆ. ತಲೆ ಎಲ್ಲಿತ್ತೋ ಏನೋ. ಹತ್ತು, ಜಾಗ ಹೋಗುತ್ತೆ” ಎಂದೆ.

ಅವಳು ನನ್ನ ಕೆನ್ನೆ ಮುಟ್ಟಿ ಒಳಗೆ ಹೋದಳು. ಬಾಯಿಮಾತು ಎಷ್ಟು ಹಗುರ.

ಎರಡೂವರೆ ತಿಂಗಳ ಮೇಲೆ ಮೊದಲ ಪತ್ರ ಬಂತು. ರೇಡಿಯೋದ ಹೆಂಗಸು ಓದುತ್ತಿದ್ದದ್ದು ಮೀನುಗಾರರಿಗೆ ಸಮುದ್ರದ ವರದಿಯಂತೆ. ‘ಇಷ್ಟು ವರ್ಷ ಹಾಡಿನ ಹಾಗೆ ಹೇಳಿಕೊಂಡು ಬಂದದ್ದರ ಅರ್ಥ ಏನು ಗೊತ್ತಾ? ಅಲೆ ಎರಡು ಮೀಟರು, ಗಾಳಿ ಉತ್ತರದಿಂದ, ದೂರದ್ದು ಕಾಣಿಸುವುದಿಲ್ಲ. ಕ್ಲಾಸಿನಲ್ಲಿ ಒಬ್ಬಳೇ ನಕ್ಕೆ’ ಎಂದು ಬರೆದಿದ್ದಳು. ಚೆನ್ನಾಗಿದ್ದೇನೆ, ಚಳಿ ಅಭ್ಯಾಸವಾಗಿದೆ, ಊಟ ಸೇರುತ್ತದೆ ಎಂದೂ ಬರೆದಿದ್ದಳು. ಒಂದೊಂದು ಸಾಲಿನ ಮೇಲೂ ನನ್ನ ಹೆಬ್ಬೆರಳು ತಾನಾಗಿ ಹೋಯಿತು. ಒಣಗಿತ್ತು. ಅಲ್ಲಿ ಬರೆದದ್ದು ಒಣಗಿದ್ದರೆ ಏನೂ ತಿಳಿದಂತಾಗುವುದಿಲ್ಲ. ಇದು ಅವಳಿಗೂ ಗೊತ್ತು. ಬಹುಶಃ ಅದಕ್ಕೇ ಕೊನೆಯಲ್ಲಿ ಹೀಗೆ ಬರೆದಿದ್ದಳು: ‘ಬಸ್ಸಿನ ಹತ್ತಿರ ನಾನು ಕೇಳಿದ್ದಕ್ಕೆ ನೀನು ಹೇಳಿದೆಯಲ್ಲ. ಅದನ್ನೇ ಒಂದು ಸಲ ಬರೆದು ಕಳಿಸುತ್ತೀಯಾ? ಕೋಪವಿಲ್ಲ.’

ಮಸಿ ಮೆತ್ತಿದ ಲಕೋಟೆಯನ್ನು ನಮ್ಮ ಅಂಚೆ ಕಚೇರಿಯಲ್ಲಿ ತೆಗೆದುಕೊಳ್ಳುವುದಿಲ್ಲ. ಬೆಂಚಿನ ಮೇಲೆ ಹಾಳೆ ಹರಡಿ ‘ಮರೆತೆ’ ಎಂದು ಬರೆದೆ. ನಲವತ್ತು ಸೆಕೆಂಡು, ನೂರು ಸೆಕೆಂಡು. ಒದ್ದೆ. ಹಾಗಾದರೆ ಬೇಕೆಂದೇ ಮಾಡಿದೆನೆ? ಬೇರೆ ಹಾಳೆಯಲ್ಲಿ ‘ಬೇಕೆಂದೇ ಇಡಲಿಲ್ಲ’ ಎಂದು ಬರೆದು ಕಾದೆ. ಅದೂ ಒದ್ದೆ. ‘ಗೊತ್ತಿಲ್ಲ’ ಎಂದು ಬರೆದೆ. ಅದಂತೂ ಹರಿದು ಅಂಚಿನವರೆಗೆ ಬಂತು. ಮೂರು ದಿನ ಬೇರೆಯವರ ಅರ್ಜಿಗಳ ನಡುವೆ ಬಿಡುವಾದಾಗಲೆಲ್ಲ ಬರೆದೆ, ಹರಿದೆ. ಜುಲೇಖಾ ಚಾಚಿ ನನ್ನ ಅಂಗೈ ನೋಡಿ ಏನೂ ಕೇಳದೆ ನಿಂಬೆಹೋಳು ಕೊಟ್ಟು ಹೋದಳು.

ನಾಲ್ಕನೇ ದಿನ, ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿಗೆ ನಾನೇ ಹೇಳುತ್ತಿದ್ದದ್ದು ನೆನಪಾಯಿತು: ಕಂಡದ್ದನ್ನು ಬರೆಯಿರಿ, ಕಾರಣ ಆಮೇಲೆ. ಆ ಗುರುವಾರದ ಬೆಳಿಗ್ಗೆಯನ್ನು ಕಣ್ಣ ಮುಂದೆ ತಂದುಕೊಂಡೆ. ಮೇಜು, ಫೈಲು, ಕುಮುದ ಒಳಗೆ ಜಡೆ ಹೆಣೆದುಕೊಳ್ಳುತ್ತಿದ್ದ ಸದ್ದು, ನನ್ನ ಎಡಗೈ. ಹೊಸ ಹಾಳೆ ತೆಗೆದುಕೊಂಡು ಬರೆದೆ.

‘ಕುಮುದಾ, ಬ್ಲಾಟಿಂಗ್ ಪೇಪರ್ ನನ್ನ ಕೈಯಲ್ಲೇ ಇತ್ತು. ಇಡಲಿಲ್ಲ.’

ಹೆಬ್ಬೆರಳು ಒತ್ತಿದೆ. ಬೆಳ್ಳಗೆ ಬಂತು. ಮಡಿಚಿ, ಲಕೋಟೆಗೆ ಹಾಕಿ, ಅಂಟಿಸಿ, ಐದು ಗಂಟೆಯ ಟಪಾಲು ಹೋಗುವ ಮೊದಲು ಅಂಚೆ ಕಚೇರಿಗೆ ನಡೆದೆ.